ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಕಬ್ಬು: ನಾಟಿಯಿಂದ ಕಟಾವಿನವರೆಗೆ

ಗಂಗಾವತಿ, ಕಂಪ್ಲಿ, ಸಿರುಗುಪ್ಪ, ಸಿಂಧನೂರು ಸುತ್ತಲಿನ ಹೊಲಗಳಲ್ಲಿ ಕಬ್ಬು ಕೈಕೊಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ನೀರಿಲ್ಲದೆ ಒಣಗುತ್ತದೆ, ಇಲ್ಲವೇ ಉಳಿದ ತಿಂಗಳುಗಳಲ್ಲಿ ಪಕ್ಕದ ನೆಲ್ಲಿನ ಗದ್ದೆಯ ಬಸಿನೀರು ಕುಡಿದು ಬೇರು ಕೊಳೆಯುತ್ತದೆ. ತಳಿ, ಗೊಬ್ಬರ, ಔಷಧಿ ಎಲ್ಲ ಆಮೇಲಿನ ಮಾತು. ಬೇಸಿಗೆಗೆ ನೀರು ಎಲ್ಲಿಂದ, ಮಳೆಗಾಲದ ನೀರು ಎಲ್ಲಿಗೆ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಬೀಜದ ಕಬ್ಬಿಗೆ ಮುಂಗಡ ಕೊಡಿ.

ಮೊದಲು ನೀರಿನ ಲೆಕ್ಕ

ಕಬ್ಬು 12ರಿಂದ 14 ತಿಂಗಳ ಬೆಳೆ. ಕಾಲುವೆ ಅಷ್ಟು ದಿನ ಹರಿಯುವುದಿಲ್ಲ. ಎರಡನೇ ಬೆಳೆಗೆ ನೀರು ಬಿಟ್ಟ ವರ್ಷವೂ ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ತೂಬು ಮುಚ್ಚುತ್ತದೆ. 133 ಟಿಎಂಸಿ ಹಿಡಿಯಲೆಂದು ಕಟ್ಟಿದ ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನಲ್ಲಿ ನೀರು ತಡೆಯುವ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದದ್ದನ್ನು ಈ ಭಾಗದ ರೈತರು ಮರೆತಿಲ್ಲ. ವಿಜಯನಗರ ಕಾಲದ ಕಾಲುವೆಗಳ ಕೆಳಗಿನ ಭೂಮಿಯ ಮಾತು ಬೇರೆ. ಅಲ್ಲಿ ವರ್ಷದ ಹೆಚ್ಚು ಭಾಗ ನೀರಿರುತ್ತದೆ, ಅದಕ್ಕೇ ಕಂಪ್ಲಿ, ಆನೆಗೊಂದಿ ಕಡೆ ಕಬ್ಬು, ಬಾಳೆ ತಲೆಮಾರುಗಳಿಂದ ನಿಂತಿವೆ. ಮಾನ್ವಿ, ರಾಯಚೂರು ಕಡೆಯ ಕಾಲುವೆ ಕೊನೆ ಭಾಗದಲ್ಲಿ ಕಾಲುವೆಯೊಂದನ್ನೇ ನಂಬಿ ಕಬ್ಬು ಹಚ್ಚಬೇಡಿ. ಅಚ್ಚುಕಟ್ಟಿನಲ್ಲಿ ಯಾವ ಜಮೀನಿಗೆ ಯಾವ ಬೆಳೆ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ನಿಮ್ಮ ಸರ್ವೆ ನಂಬರಿಗೆ ಕಬ್ಬು ಬರುತ್ತದೆಯೋ ಇಲ್ಲವೋ ನೀರಾವರಿ ಕಚೇರಿಯಲ್ಲಿ ಕೇಳಿಕೊಳ್ಳಿ.

ಬೋರಿನ ಭರವಸೆ ಇದ್ದರೆ ಅದನ್ನು ಅಳೆದು ನೋಡಿ, ಅಂದಾಜಿನ ಮೇಲೆ ಹೋಗಬೇಡಿ. 200 ಲೀಟರಿನ ಡ್ರಮ್ಮು ಪೈಪಿನ ಕೆಳಗಿಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 60 ಸೆಕೆಂಡಿಗೆ ತುಂಬಿದರೆ ಗಂಟೆಗೆ 12,000 ಲೀಟರು, ದಿನಕ್ಕೆ 5 ಗಂಟೆ ತ್ರೀಫೇಸ್ ಕರೆಂಟು ಸಿಕ್ಕರೆ 60,000. ನಮ್ಮ ಮೇ ತಿಂಗಳ ಬಿಸಿಲಿಗೆ ತುಂಬಿ ನಿಂತ ಕಬ್ಬು ಎಕರೆಗೆ ದಿನಕ್ಕೆ ಸುಮಾರು 30,000 ಲೀಟರು ಕೇಳುತ್ತದೆ. ಅಂದರೆ ಆ ಬೋರಿಗೆ ಹನಿ ನೀರಾವರಿಯಲ್ಲಿ ಎರಡು ಎಕರೆ ಸರಿ, ನಾಲ್ಕು ಎಕರೆ ಅಲ್ಲ. ಈ ಅಳತೆಯನ್ನು ಮೇ ತಿಂಗಳಲ್ಲೇ ಮಾಡಬೇಕು. ಅಕ್ಟೋಬರಿನಲ್ಲಿ ಎಲ್ಲ ಬೋರುಗಳೂ ಚೆನ್ನಾಗಿಯೇ ಹೊಡೆಯುತ್ತವೆ.

ಭೂಮಿ, ಸವಳು, ಬಸಿಗಾಲುವೆ

ಎರೆ (ಕಪ್ಪು) ಭೂಮಿಯಲ್ಲೂ ಮಸಾರಿಯಲ್ಲೂ (ಕೆಂಪು ಭೂಮಿ) ಕಬ್ಬು ಬರುತ್ತದೆ. ಮಸಾರಿಗೆ ನೀರು ಬೇಗ ಬೇಗ ಬೇಕು, ಗೆದ್ದಲಿನ ಕಾಟ ಹೆಚ್ಚು. ಎರೆಯಲ್ಲಿ ನೀರು ತಡೆದು ಕೊಡಬಹುದು, ಆದರೆ ಬಸಿಯುವುದಿಲ್ಲ. ನಾಟಿಗೆ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಪಕ್ಕದಲ್ಲಿ ನೆಲ್ಲಿನ ಗದ್ದೆಗೆ ನೀರು ನಿಂತಿರುವ ದಿನಗಳಲ್ಲಿ, ನಿಮ್ಮ ಹೊಲದ ಬದುವಿನಿಂದ ಹತ್ತು ಮಾರು ಒಳಗೆ ಸಂಜೆ ಮೂರು ಅಡಿ ಆಳದ ಗುಂಡಿ ತೆಗೆಯಿರಿ. ಬೆಳಿಗ್ಗೆ ಗುಂಡಿಯ ತಳದಲ್ಲಿ ನೀರು ಜಿನುಗಿ ನಿಂತಿದ್ದರೆ ಆ ಹೊಲಕ್ಕೆ ಬಸಿಗಾಲುವೆ ಇಲ್ಲದೆ ಕಬ್ಬು ಇಡಬೇಡಿ. ಅಂಥ ಹೊಲದಲ್ಲಿ ಕಬ್ಬು ಮೂರು ತಿಂಗಳು ಚೆನ್ನಾಗಿಯೇ ಕಾಣುತ್ತದೆ. ಬೇರು ಕೆಳಗಿಳಿಯುವ ಹೊತ್ತಿಗೆ ಉಸಿರುಕಟ್ಟಿ ಕಪ್ಪಾಗುತ್ತದೆ, ಕಿತ್ತು ಮೂಸಿದರೆ ಕೆಸರಿನ ಕೊಳೆತ ವಾಸನೆ. ಮೇಲೆ ಎಲೆ ಹಳದಿಯಾದದ್ದನ್ನು ಕಂಡು ಯೂರಿಯಾ ಚೆಲ್ಲುವವರೇ ಹೆಚ್ಚು. ಅದರಿಂದ ಏನೂ ಆಗುವುದಿಲ್ಲ, ದುಡ್ಡು ಹೋಗುತ್ತದೆ.

ನೆಲ್ಲಿನ ಗದ್ದೆಗೂ ಕಬ್ಬಿಗೂ ನಡುವೆ ಎರಡೂವರೆಯಿಂದ ಮೂರು ಅಡಿ ಆಳದ ಬಸಿಗಾಲುವೆ ತೆಗೆದು ಹಳ್ಳಕ್ಕೋ ಊರ ಬಸಿಗಾಲುವೆಗೋ ಕೂಡಿಸಿ. ಹೊರಗೆ ದಾರಿ ಇಲ್ಲದ ಕಾಲುವೆ ತೆಗೆದರೆ ಅದು ಉದ್ದನೆಯ ಹೊಂಡ, ಅಷ್ಟೆ.

ಮಣ್ಣು ಪರೀಕ್ಷೆಯಲ್ಲಿ ರಸಸಾರ (ಪಿಎಚ್) ಮತ್ತು ಲವಣಾಂಶ (ಇಸಿ) ಎರಡನ್ನೂ ಕೇಳಿ ಬರೆಸಿಕೊಳ್ಳಿ. ಮಣ್ಣಿನ ಸ್ಯಾಚುರೇಶನ್ ಸಾರದಲ್ಲಿ (ನೀರು ತುಂಬಿದ ಮಣ್ಣಿನಿಂದ ತೆಗೆದ ಸಾರ) ಇಸಿ ಮೀಟರಿಗೆ 1.7 ಡೆಸಿಸೀಮನ್ ದಾಟಿದರೆ ಕಬ್ಬಿನ ಇಳುವರಿ ಇಳಿಯತೊಡಗುತ್ತದೆ, 10ರ ಹೊತ್ತಿಗೆ ಅರ್ಧಕ್ಕೆ ಬರುತ್ತದೆ. ಕೆಲವು ಪ್ರಯೋಗಾಲಯಗಳು ಮಣ್ಣಿಗೆ ಹೆಚ್ಚು ನೀರು ಬೆರೆಸಿ ಅಳೆಯುತ್ತವೆ, ಆಗ ಅಂಕಿ ಕಡಿಮೆ ಬರುತ್ತದೆ. ಯಾವ ವಿಧಾನ ಎಂದು ಕೇಳದೆ ನೆಮ್ಮದಿಯಾಗಬೇಡಿ. ಮೇಲೆ ಬಿಳಿ ಉಪ್ಪು ಎದ್ದ ಭೂಮಿಗೆ ಮದ್ದು ಒಳ್ಳೆಯ ನೀರು ಕಟ್ಟಿ ಉಪ್ಪನ್ನು ಬಸಿಗಾಲುವೆಗೆ ತೊಳೆದು ಬಿಡುವುದು, ಡಯಾಂಚ ಎಂಬ ಹಸಿರು ಗೊಬ್ಬರದ ಗಿಡ ಬೆಳೆದು ಮಣ್ಣಿಗೆ ಸೇರಿಸುವುದು. ಅಲ್ಲಿ ಜಿಪ್ಸಂ ಸುರಿದರೆ ಪ್ರಯೋಜನ ಇಲ್ಲ. ರಸಸಾರ 8.5 ದಾಟಿ, ಒಣಗಿದಾಗ ಕಲ್ಲಿನಂತಾಗುವ, ನೀರು ಇಂಗದ ಕ್ಷಾರ ಭೂಮಿಗೆ ಮಾತ್ರ ಜಿಪ್ಸಂ, ಅದೂ ಪರೀಕ್ಷೆ ಹೇಳಿದಷ್ಟೇ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು-ಜವಳು (ಉಪ್ಪೇರಿದ, ನೀರು ನಿಲ್ಲುವ) ಭೂಮಿಯ ಮೇಲೆಯೇ ಕೆಲಸ ನಡೆಯುತ್ತದೆ. ಮಣ್ಣಿನ ವರದಿ ಹಿಡಿದುಕೊಂಡು ಅಲ್ಲಿಗೊಮ್ಮೆ ಹೋಗಿ ಬನ್ನಿ.

ಯಾವಾಗ, ಯಾವ ತಳಿ

ಜನವರಿ, ಫೆಬ್ರುವರಿಯಲ್ಲಿ ಹಚ್ಚಿದ ಕಬ್ಬು ಮರಿ (ಬುಡದಿಂದ ಏಳುವ ಚಿಗುರು) ಒಡೆಯುವುದು ಸರಿಯಾಗಿ ಕಾಲುವೆ ಮುಚ್ಚುವ, ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ. ಮರಿ ಒಡೆಯುವಾಗ ನೀರು ತಪ್ಪಿದರೆ ಆಮೇಲೆ ಎಷ್ಟು ಕೊಟ್ಟರೂ ಕಬ್ಬಿನ ಸಂಖ್ಯೆ ತುಂಬುವುದಿಲ್ಲ. ಬೋರು ಗಟ್ಟಿ ಇಲ್ಲದವರಿಗೆ ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮಧ್ಯದವರೆಗಿನ ನಾಟಿಯೇ ನಮ್ಮ ಆಯ್ಕೆ. ಡಿಸೆಂಬರ್ ಚಳಿಗೆ ಮುಂಚೆ ಮೊಳಕೆ ಬರುತ್ತದೆ, ಕಾಲುವೆ ಇರುವಾಗಲೇ ಮರಿ ತುಂಬುತ್ತದೆ, ಏಪ್ರಿಲ್ ಹೊತ್ತಿಗೆ ಸಾಲು ಮುಚ್ಚಿ ನೆಲಕ್ಕೆ ನೆರಳಾಗುತ್ತದೆ. ಜುಲೈ, ಆಗಸ್ಟಿನ ಅಡಸಾಲಿ ನಾಟಿಯಲ್ಲಿ ತೂಕ ಇನ್ನೂ ಹೆಚ್ಚು, ಆದರೆ ಭೂಮಿ 16ರಿಂದ 18 ತಿಂಗಳು ಕಟ್ಟಿಹಾಕಿಕೊಳ್ಳುತ್ತದೆ.

ತಳಿಯಲ್ಲಿ ಕೋ 86032 ಇಲ್ಲಿ ಹೆಚ್ಚು ನಂಬಬಹುದಾದದ್ದು. ಬರ ಸ್ವಲ್ಪ ತಡೆಯುತ್ತದೆ, ಕೂಳೆ (ಕಡಿದ ಬುಡದಿಂದ ಮತ್ತೆ ಬರುವ ಬೆಳೆ) ಚೆನ್ನಾಗಿ ಬರುತ್ತದೆ, ಬೆಲ್ಲಕ್ಕೂ ಸಕ್ಕರೆಗೂ ಸೈ. ಸ್ವಲ್ಪ ಸವಳು ಇರುವ ಹೊಲಕ್ಕೆ ಕೋಎಂ 0265 ತಡೆದುಕೊಳ್ಳುತ್ತದೆ. ಅದು ತಡವಾಗಿ ಮಾಗುವ ಕಬ್ಬು, ನಿಮ್ಮ ಕಾರ್ಖಾನೆ ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿ.

ಬೀಜದ ಕಬ್ಬು

ಇಲ್ಲಿ ಮಾಡಿದ ಉಳಿತಾಯ ಮೂರು ವರ್ಷ ಕಾಡುತ್ತದೆ. ಎಂಟರಿಂದ ಹತ್ತು ತಿಂಗಳ, ನೆಟ್ಟ ಕಬ್ಬನ್ನೇ ತನ್ನಿ. ಕೂಳೆ ಕಬ್ಬಿನ ಬೀಜ ಬೇಡ, ಹುಲ್ಲು ಸಸ್ಯ ರೋಗವೂ ಕಾಡಿಗೆ ರೋಗವೂ ಅದರೊಳಗೆ ಕುಳಿತೇ ಬರುತ್ತವೆ. ಕಬ್ಬಿನ ಬುಡದ ಮೂರನೇ ಒಂದು ಭಾಗ ಗಾಣಕ್ಕೆ ಕಳಿಸಿ, ಮೇಲಿನ ಭಾಗ ಬೀಜಕ್ಕಿಡಿ. ಬುಡದಲ್ಲಿ ಸಕ್ಕರೆ ಗಟ್ಟಿಯಾಗಿ ಕಣ್ಣು (ಮೊಳಕೆ ಬರುವ ಮೊಗ್ಗು) ಮುದಿಯಾಗಿರುತ್ತದೆ, ಮೇಲೆ ತೇವ ಹೆಚ್ಚು, ಕಣ್ಣು ಎಳೆಯದು.

ರವದಿ (ಕಬ್ಬಿನ ಒಣ ಎಲೆ) ಸುಲಿಯುವುದು ಕೈಯಿಂದಲೇ ಆಗಬೇಕು, ಕುಡುಗೋಲು ತಾಕಿದರೆ ಕಣ್ಣು ಹೋಗುತ್ತದೆ. ಸುಲಿದ ಕಬ್ಬಿನ ಕಣ್ಣನ್ನು ಹೆಬ್ಬೆರಳಿನಿಂದ ಸವರಿ ನೋಡಿ. ಉಬ್ಬಿ, ನುಣುಪಾಗಿ, ಹಸಿರು ಮಿಶ್ರಿತ ಹಳದಿ ಬಣ್ಣಕ್ಕಿದ್ದರೆ ಒಳ್ಳೆಯದು. ಒಣಗಿದ ಹುರುಪಿನಂತೆ ಕಂದಾಗಿದ್ದರೆ, ಆಗಲೇ ಮೊಳಕೆ ಚಾಚಿ ಮುರಿದಿದ್ದರೆ ಬಿಡಿ. ಕಡಿದ ಬಾಯಲ್ಲಿ ಕೆಂಪು ಗೆರೆ ಕಂಡ ತುಂಡನ್ನು ಪಕ್ಕಕ್ಕೆಸೆಯಿರಿ. ಆ ಕಬ್ಬನ್ನು ಉದ್ದಕ್ಕೆ ಸೀಳಿದಾಗ ಕೆಂಪಿನ ನಡುವೆ ಅಡ್ಡಡ್ಡ ಬಿಳಿ ಮಚ್ಚೆ ಇದ್ದು ಹುಳಿ ಹೆಂಡದ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗ. ಆ ಹೊಲದ ಬೀಜವೇ ಬೇಡ, ಎಷ್ಟೇ ಅಗ್ಗಕ್ಕೆ ಕೊಟ್ಟರೂ.

ಎರಡು ಕಣ್ಣಿನ ತುಂಡು ಮಾಡುವಾಗ ಕಣ್ಣಿನ ಮೇಲೆ ಒಂದಿಂಚು ಬಿಟ್ಟು, ಹರಿತ ಕತ್ತಿಯಿಂದ ಒಂದೇ ಏಟಿಗೆ ಕಡಿಯಿರಿ. ಬಾಯಿ ಸೀಳಿದರೆ ಅಲ್ಲಿಂದಲೇ ಕೊಳೆತ ಶುರು. 100 ಲೀಟರ್ ನೀರಿಗೆ 100 ಗ್ರಾಂ ಕಾರ್ಬೆಂಡಜಿಂ ಕರಗಿಸಿ 15 ನಿಮಿಷ ಅದ್ದಿ ತೆಗೆಯಿರಿ. ಕಡಿದ ತುಂಡನ್ನು ಅದೇ ದಿನ, ತಪ್ಪಿದರೆ ಮರುದಿನ, ನೆಲಕ್ಕೆ ಸೇರಿಸಿ. ಬಿಸಿಲಿನಲ್ಲಿ ಎರಡು ದಿನ ಬಿದ್ದ ರಾಶಿಯಿಂದ ಅರ್ಧ ಮೊಳಕೆ ಬಂದರೆ ಪುಣ್ಯ.

ಎಕರೆಗೆ ಎಷ್ಟು? ಎಕರೆ ಎಂದರೆ 43,560 ಚದರಡಿ. ಐದು ಅಡಿ ಸಾಲಿನಲ್ಲಿ ಒಟ್ಟು ಸಾಲಿನ ಉದ್ದ 8,712 ಅಡಿ. ಎರಡು ಕಣ್ಣಿನ ತುಂಡು ತಲೆಗೆ ಬುಡ ತಾಗಿಸಿ ಇಟ್ಟರೆ ಸುಮಾರು 10,000 ತುಂಡು, ಎರಡರಿಂದ ಎರಡೂವರೆ ಟನ್ ಬೀಜ. ಒಂಟಿ ಕಣ್ಣಿನಿಂದ ಟ್ರೇಯಲ್ಲಿ ಬೆಳೆಸಿದ ಸಸಿಯಾದರೆ ಐದು ಅಡಿಗೆ ಎರಡಡಿಯಂತೆ 4,356 ಸಸಿ ಸಾಕು. ಸಸಿ 30 ದಿನದ ಆಸುಪಾಸಿನಲ್ಲಿರಲಿ. 45 ದಿನ ದಾಟಿ ಬೇರು ಟ್ರೇಯಲ್ಲಿ ಸುತ್ತಿಕೊಂಡ ಸಸಿ ಹೊಲಕ್ಕೆ ಬಂದ ಮೇಲೂ ಸುಮ್ಮನೆ ಕೂತುಬಿಡುತ್ತದೆ. ಸಸಿ ನಾಟಿಯಲ್ಲಿ ಒಂದು ತಿಂಗಳ ನೀರು ಉಳಿಯುತ್ತದೆ, ಸಾಲಿನಲ್ಲಿ ಹುಸಿ (ಖಾಲಿ ಜಾಗ) ಬೀಳುವುದು ಕಡಿಮೆ. ನೆಲ್ಲು ಕೊಯ್ದು ತಡವಾಗಿ ಹೊಲ ಸಿಗುವವರಿಗೆ ಇದೇ ದಾರಿ.

ನಾಟಿ ಮತ್ತು ಗೊಬ್ಬರ

ಒಂದೂವರೆ ಅಡಿ ಆಳಕ್ಕೆ ನೇಗಿಲು ಹೊಡೆದು, ಬಿಸಿಲಿಗೆ ಬಿಟ್ಟು, ಹೆಂಟೆ ಒಡೆದು, ಎಕರೆಗೆ 10 ಟನ್ ಕಳಿತ ತಿಪ್ಪೆ ಗೊಬ್ಬರ ಹರಡಿ. ಹಸಿ ಗೊಬ್ಬರ ಹಾಕಿದರೆ ಬೇರು ತಿನ್ನುವ ಗೊಣ್ಣೆ ಹುಳುವನ್ನು ನೀವೇ ಹೊತ್ತು ತಂದಂತೆ. ಐದು ಅಡಿಗೊಂದು, ಒಂಬತ್ತು ಇಂಚು ಆಳದ ಸಾಲು ಬಿಡಿ. ಮೂರಡಿ ಸಾಲಿನಲ್ಲಿ ಹೆಚ್ಚು ಕಬ್ಬು ಹಿಡಿಸುತ್ತದೆ ಎಂಬ ನಂಬಿಕೆ ಇನ್ನೂ ಇದೆ. ಅಲ್ಲಿ ಮಣ್ಣು ಏರಿಸಲು ಪವರ್ ಟಿಲ್ಲರ್ ಹೋಗುವುದಿಲ್ಲ, ಗಾಳಿ ಬೆಳಕು ಇಲ್ಲದೆ ಮರಿ ಸಾಯುತ್ತವೆ, ಕಟಾವು ಯಂತ್ರವೂ ಇಳಿಯುವುದಿಲ್ಲ.

ಎರೆ ಭೂಮಿಯಲ್ಲಿ ಒಣ ಸಾಲಿನಲ್ಲಿ ತುಂಡಿಟ್ಟು, ಒಂದೂವರೆ ಇಂಚು ಮಣ್ಣು ಮುಚ್ಚಿ, ಆಮೇಲೆ ತೆಳುವಾಗಿ ನೀರು ಬಿಡಿ. ಮಸಾರಿಯಲ್ಲಿ ಮೊದಲು ನೀರು, ಆಮೇಲೆ ತುಂಡನ್ನು ಒತ್ತಿ ಊರುವುದು. ಎರಡರಲ್ಲೂ ಕಣ್ಣು ಅಕ್ಕಪಕ್ಕಕ್ಕೆ ಬರಬೇಕು. ಕಣ್ಣು ಕೆಳಗಾದರೆ ಮೊಳಕೆ ಸುತ್ತು ಹಾಕಿ ಬರುವಷ್ಟರಲ್ಲಿ ಸೋತಿರುತ್ತದೆ. ಎರೆಯಲ್ಲಿ ಮೂರಿಂಚು ಮಣ್ಣು ಮುಚ್ಚಿ ಮೇಲೆ ಜೋರು ನೀರು ಹರಿಸಿದರೆ ಮೇಲ್ಪದರ ಹೆಪ್ಪುಗಟ್ಟಿ ಮೊಳಕೆ ಒಳಗೇ ಕೊಳೆಯುತ್ತದೆ.

ರಾಸಾಯನಿಕ ಗೊಬ್ಬರ ಎಕರೆಗೆ 100 ಕೆಜಿ ಸಾರಜನಕ, 30 ಕೆಜಿ ರಂಜಕ, 76 ಕೆಜಿ ಪೊಟ್ಯಾಷ್ ಎಂದು ಹಿಡಿಯಿರಿ, ಮಣ್ಣು ಪರೀಕ್ಷೆ ಬೇರೆ ಹೇಳಿದರೆ ಅದರಂತೆ. ಅಂಗಡಿ ಲೆಕ್ಕದಲ್ಲಿ ಡಿಎಪಿ 65 ಕೆಜಿ, ಯೂರಿಯಾ 193 ಕೆಜಿ, ಎಂಒಪಿ (ಪೊಟ್ಯಾಷ್ ಗೊಬ್ಬರ) 125 ಕೆಜಿ. ಡಿಎಪಿ ಪೂರ್ತಿಯಾಗಿ ಮತ್ತು 60 ಕೆಜಿ ಎಂಒಪಿಯನ್ನು ನಾಟಿಯಲ್ಲೇ ತುಂಡಿನ ಕೆಳಗೆ ಬೀಳುವಂತೆ ಸಾಲಿಗೆ ಕೊಡಿ. ರಂಜಕ ಮಣ್ಣಿನಲ್ಲಿ ಇದ್ದಲ್ಲೇ ಇರುತ್ತದೆ, ಮೇಲೆ ಚೆಲ್ಲಿದ ಡಿಎಪಿ ಬೇರಿಗೆ ಸಿಗುವುದಿಲ್ಲ. ಯೂರಿಯಾ ಆರನೇ ವಾರಕ್ಕೆ 43, ಹತ್ತನೇ ವಾರಕ್ಕೆ 65, ಹದಿನಾಲ್ಕನೇ ವಾರಕ್ಕೆ ದೊಡ್ಡ ಮಣ್ಣು ಏರಿಸುವಾಗ 85 ಕೆಜಿ, ಉಳಿದ ಎಂಒಪಿಯೂ ಅದರ ಜೊತೆಗೇ. ಅಲ್ಲಿಗೆ ಯೂರಿಯಾ ಮುಗಿಯಿತು. ಏಳೆಂಟನೇ ತಿಂಗಳಲ್ಲಿ ಕಬ್ಬು ಕಪ್ಪಗೆ ಕಾಣಲಿ ಎಂದು ಇನ್ನೊಂದು ಚೀಲ ಎರಚಿದರೆ ಕಬ್ಬು ಬೀಳುತ್ತದೆ, ಕೊರಕ ಹುಳು ಏರುತ್ತದೆ, ಸಕ್ಕರೆ ಇಳಿಯುತ್ತದೆ.

ನಮ್ಮ ಸುಣ್ಣದಂಶದ ಎರೆಯಲ್ಲಿ ಕಬ್ಬಿಣದ ಕೊರತೆ ಸಾಮಾನ್ಯ. ಹೊಸ ಎಲೆ ಬಿಳುಚಿಕೊಂಡು, ನರ ಮಾತ್ರ ಹಸಿರಾಗಿ, ಕೊನೆಗೆ ಪೂರಾ ಬಿಳಿಯಾಗುತ್ತದೆ. ಹಳೆ ಎಲೆ ಹಳದಿಯಾದರೆ ಸಾರಜನಕ, ಹೊಸ ಎಲೆ ಬಿಳಿಯಾದರೆ ಕಬ್ಬಿಣ, ಇದನ್ನು ನೆನಪಿಡಿ. ನಾಟಿಗೆ ಮೊದಲು 10 ಕೆಜಿ ಫೆರಸ್ ಸಲ್ಫೇಟ್, 10 ಕೆಜಿ ಜಿಂಕ್ ಸಲ್ಫೇಟನ್ನು ತಿಪ್ಪೆ ಗೊಬ್ಬರದಲ್ಲಿ ಬೆರೆಸಿ ಕೊಡಿ. ಡಿಎಪಿ ಜೊತೆ ಬೆರೆಸಿದರೆ ಜಿಂಕ್ ಗಟ್ಟಿಯಾಗಿ ಬೆಳೆಗೆ ದಕ್ಕುವುದಿಲ್ಲ. ಬಿಳಿ ಕಂಡ ಮೇಲಾದರೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 10 ಗ್ರಾಂ ಯೂರಿಯಾ ಕರಗಿಸಿ ಹದಿನೈದು ದಿನಕ್ಕೊಮ್ಮೆ ಎರಡು ಮೂರು ಸಲ ಸಿಂಪಡಿಸಿ. ನೀರಿಗೆ ಒಂದಿಷ್ಟು ನಿಂಬೆರಸ ಹಿಂಡಿದರೆ ದ್ರಾವಣ ಕೆಂಪು ತಿರುಗುವುದಿಲ್ಲ.

ಮೊದಲ ನೂರು ದಿನ

ನಾಟಿ ಮಾಡಿ ಮೂರು ದಿನದೊಳಗೆ, ನೆಲ ಹಸಿ ಇರುವಾಗ, ಎಕರೆಗೆ 800 ಗ್ರಾಂ ಅಟ್ರಾಜಿನ್ 50 ಪುಡಿಯನ್ನು 300 ಲೀಟರ್ ನೀರಿನಲ್ಲಿ ಹೊಡೆಯಿರಿ. ಹಿಂದಕ್ಕೆ ನಡೆಯುತ್ತ ಹೊಡೆಯಬೇಕು, ಹೊಡೆದ ಜಾಗ ತುಳಿದರೆ ಮದ್ದಿನ ಪದರ ಒಡೆಯುತ್ತದೆ. ಉಳ್ಳಾಗಡ್ಡಿ, ಕೊತ್ತಂಬರಿ, ಹೆಸರು ಅಂತರ ಬೆಳೆ ಹಾಕುವವರು ಅಟ್ರಾಜಿನ್ ಮುಟ್ಟಬೇಡಿ, ಕೈಗಳೆ ಮತ್ತು ಎಡೆಕುಂಟೆಯೇ ಗತಿ. ಜೇಕು ಎಂಬ ಕಳೆ ಇರುವ ಹೊಲಕ್ಕೆ, ಕಳೆಗೆ ಮೂರು ನಾಲ್ಕು ಎಲೆ ಇರುವಾಗ ಹ್ಯಾಲೊಸಲ್ಫ್ಯುರಾನ್ 75, ಎಕರೆಗೆ 36 ಗ್ರಾಂ. ಅಗಲ ಎಲೆಯ ಕಸಕ್ಕೆ 2,4-ಡಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಪಕ್ಕದಲ್ಲಿ ಹತ್ತಿ ಇದ್ದರೆ ದಯವಿಟ್ಟು ಬೇಡ. ಗಾಳಿಗೆ ಒಂದಿಷ್ಟು ಹಾರಿದರೂ ಹತ್ತಿಯ ಎಲೆ ಬೆರಳಿನಂತೆ ಸುರುಟಿ ಬೆಳೆ ನಿಲ್ಲುತ್ತದೆ. ರಾಯಚೂರು, ಸಿರುಗುಪ್ಪ ಕಡೆ ಹತ್ತಿ ಇಲ್ಲದ ನೆರೆ ಎಲ್ಲಿದೆ? ಆ ಪಂಪಿನಲ್ಲೇ ಮುಂದೆ ಹತ್ತಿಗೆ ಔಷಧಿ ಹೊಡೆಯಲೂಬೇಡಿ.

ಈ ಹಂತದ ದೊಡ್ಡ ಶತ್ರು ಸುಳಿ ಕೊರಕ. ನಡುವಿನ ಸುಳಿ ಒಣಗಿ ಕಂದಾಗಿರುತ್ತದೆ. ಹಿಡಿದೆಳೆದರೆ ಸಲೀಸಾಗಿ ಕೈಗೆ ಬರುತ್ತದೆ, ತುದಿಯಲ್ಲಿ ಕೊಳೆತ ನಾತ. ಬುಡದ ಹತ್ತಿರ ಸಣ್ಣ ರಂಧ್ರ ಕಾಣುತ್ತದೆ. ಬಿಸಿಲು, ಒಣ ನೆಲ ಇದಕ್ಕೆ ಹಬ್ಬ. 35ರಿಂದ 45 ದಿನದೊಳಗೆ ತೆಳುವಾಗಿ ಮಣ್ಣು ಏರಿಸಿದರೆ ಬುಡದ ದಾರಿ ಮುಚ್ಚುತ್ತದೆ, ಸಾಲಿನ ನಡುವೆ ರವದಿ ಹೊದಿಸಿ ನೆಲ ತಂಪಿಟ್ಟರೆ ಕಾಟ ಕಡಿಮೆ. ನೂರಕ್ಕೆ ಹತ್ತು ಹದಿನೈದು ಸುಳಿ ಒಣಗಿದ್ದರೆ ಎಕರೆಗೆ 150 ಎಂಎಲ್ ಕ್ಲೋರಾಂಟ್ರಾನಿಲಿಪ್ರೋಲ್ 18.5ನ್ನು 400 ಲೀಟರ್ ನೀರಿನಲ್ಲಿ ಬುಡಕ್ಕೆ ಬೀಳುವಂತೆ ಸುರಿಯಿರಿ. ಎಲೆ ಮೇಲೆ ಹೊಡೆದರೆ ಅದು ಹುಳುವಿಗೆ ಮುಟ್ಟುವುದೇ ಇಲ್ಲ.

ನೀರು ಮೊದಲ 35 ದಿನ ವಾರಕ್ಕೊಮ್ಮೆ ತೆಳುವಾಗಿ, ಆಮೇಲೆ ನೂರು ದಿನದವರೆಗೆ ಹತ್ತು ದಿನಕ್ಕೊಮ್ಮೆ, ಬೆಳವಣಿಗೆಯ ಕಾಲದಲ್ಲಿ ಏಳರಿಂದ ಹತ್ತು ದಿನಕ್ಕೊಮ್ಮೆ. ಎರೆಯಲ್ಲಿ ಎರಡು ಮೂರು ದಿನ ತಡವಾದರೂ ನಡೆಯುತ್ತದೆ. ಕಾಲುವೆ ಮುಚ್ಚುವ ಹಿಂದಿನ ದಿನ ಹೊಲ ಕೆರೆಯಂತೆ ತುಂಬಿಸಿಕೊಳ್ಳುವುದರಿಂದ ಬೇಸಿಗೆ ದಾಟುವುದಿಲ್ಲ. ಬೋರಿನ ನೀರು ಕಮ್ಮಿ ಬಿದ್ದರೆ ಸಾಲು ಬಿಟ್ಟು ಸಾಲಿಗೆ ನೀರು ಕೊಡಿ, ರವದಿ ಹೊದಿಕೆ ದಪ್ಪ ಮಾಡಿ.

ನೂರರಿಂದ ನೂರಿಪ್ಪತ್ತು ದಿನದೊಳಗೆ ದೊಡ್ಡ ಮಣ್ಣು ಏರಿಸಿ, ಸಾಲನ್ನು ಬೋದು (ಎತ್ತರದ ದಿಂಡು) ಮಾಡಿ. ತಡವಾಗಿ ಬರುವ ಬಡಕಲು ಮರಿಗಳು ಅಡಗುತ್ತವೆ, ಗಾಳಿಗೆ ಕಬ್ಬು ಬೀಳುವುದು ತಪ್ಪುತ್ತದೆ. ಗುರಿ ಇಷ್ಟೇ: 4,356 ಬುಡಕ್ಕೆ ಒಂಬತ್ತೊಂಬತ್ತು ಕಬ್ಬು ಎಂದರೆ ಸುಮಾರು 39,000, ಒಂದೊಂದು ಕಬ್ಬು ಒಂದೂಕಾಲು ಕೆಜಿ ತೂಗಿದರೆ 49 ಟನ್. ಐದನೇ ತಿಂಗಳಲ್ಲಿ ನಾಲ್ಕು ಕಡೆ ಹತ್ತಡಿ ಸಾಲಿನ ಕಬ್ಬು ಎಣಿಸಿ. ಹತ್ತಡಿಗೆ 45 ಸಿಕ್ಕರೆ ದಾರಿಯಲ್ಲಿದ್ದೀರಿ.

ಮಳೆಗಾಲದ ಹುಳು, ರೋಗ

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಬೇವು, ಜಾಲಿ ಮರಗಳ ಮೇಲೆ ಕಂದು ದುಂಬಿಗಳು ಗುಂಪು ಕಟ್ಟುತ್ತವೆ. ಗೊಣ್ಣೆ ಹುಳುವಿನ ತಾಯಂದಿರು ಇವು. ಕೊಂಬೆ ಅಲುಗಿಸಿ ಕೆಳಗೆ ಬಿದ್ದವನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಊರಿನ ಹತ್ತು ಮನೆಯವರು ಕೂಡಿ ನಾಲ್ಕು ಸಂಜೆ ಮಾಡಿದರೆ ಆಗಸ್ಟಿನಲ್ಲಿ ಹೊಲಕ್ಕೆ ಸುರಿಯುವ ಔಷಧಿ ಉಳಿಯುತ್ತದೆ. ಒಬ್ಬರೇ ಮಾಡಿದರೆ ಪಕ್ಕದ ಹೊಲದಿಂದ ಬರುತ್ತವೆ.

ಚಾಟಿಯಂಥ ಕಪ್ಪು ಕೊರಡೆ ಹೊರಟರೆ ಕಾಡಿಗೆ ರೋಗ. ಅದನ್ನು ಅಲುಗಿಸದೆ ಚೀಲ ಮುಚ್ಚಿ ಕೊಯ್ದು ಸುಟ್ಟು, ಬುಡವನ್ನೂ ಕೀಳಿ. ಹುಲ್ಲಿನ ಗಡ್ಡದಂತೆ ಬಿಳುಚಿದ ಮರಿಗಳು ಎದ್ದರೆ ಹುಲ್ಲು ಸಸ್ಯ ರೋಗ, ಅದಕ್ಕೂ ಕೀಳುವುದೊಂದೇ ಮದ್ದು. ಬಿಳಿ ಉಣ್ಣೆ ಹೇನು ಕಂಡೊಡನೆ ಔಷಧಿಗೆ ಓಡಬೇಡಿ. 2002ರ ಸುಮಾರಿಗೆ ಅದು ಮಹಾರಾಷ್ಟ್ರ, ಕರ್ನಾಟಕದ ಕಬ್ಬನ್ನೆಲ್ಲ ಮುತ್ತಿದಾಗ ಕೊನೆಗೆ ಹತೋಟಿಗೆ ತಂದದ್ದು ಡೈಫಾ ಎಂಬ ಪತಂಗದ ಮರಿ ಮತ್ತು ಮೈಕ್ರೋಮಸ್ ಎಂಬ ಕೀಟ. ಹೇನಿನ ನಡುವೆ ಹಸಿರು ಮಿಶ್ರಿತ ಬೂದು ಮರಿಹುಳು ತೆವಳುತ್ತಿದ್ದರೆ ಅದು ನಿಮ್ಮ ಆಳು, ಬಿಡಿ.

ಕಟಾವು

ನಾಟಿ ಮಾಡಿದಾಗಲೇ ಕಾರ್ಖಾನೆಯಲ್ಲಿ ನಾಟಿ ದಿನಾಂಕ ನೋಂದಾಯಿಸಿ ರಸೀದಿ ಇಟ್ಟುಕೊಳ್ಳಿ. ಹೊಸಪೇಟೆಯ ಕಾರ್ಖಾನೆ ನಿಂತ ಮೇಲೆ ಈ ಭಾಗದ ಕಬ್ಬು ದೂರ ಹೋಗಬೇಕು, ಸಾಗಣೆ ಖರ್ಚು ಬೆಲೆಯಲ್ಲೇ ಮುರಿಯುತ್ತದೆ. 2025–26ರ ಹಂಗಾಮಿಗೆ ಕೇಂದ್ರದ ಎಫ್ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ಶೇ 10.25 ರಿಕವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆ) ಟನ್ನಿಗೆ 3,550 ರೂಪಾಯಿ, ರಿಕವರಿ ಶೇ 9.5 ಅಥವಾ ಅದಕ್ಕಿಂತ ಕಡಿಮೆಯಾದರೆ 3,290.50. ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಇದು ಹಕ್ಕು, ಬೇಡುವ ವಿಷಯವಲ್ಲ.

ಮಾಗಿದ್ದನ್ನು ರಸದ ಸಿಹಿ ಅಳೆಯುವ ಕೈ ಬ್ರಿಕ್ಸ್ ಮೀಟರಿನಲ್ಲಿ ನೋಡಿ. ಹತ್ತು ಕಬ್ಬಿನ ಬುಡದ ರಸ, ಮೇಲಿನ ಗೆಣ್ಣಿನ ರಸ ಎರಡನ್ನೂ ಅಳೆಯಿರಿ. ಬುಡದಲ್ಲಿ 20 ದಾಟಿ, ಮೇಲಿನದು ಅದರ ಹತ್ತಿರ ಬಂದಿದ್ದರೆ ಕಬ್ಬು ತಯಾರು. ಮೇಲೆ 14, 15ರಲ್ಲೇ ಇದ್ದರೆ ಇನ್ನೂ ಕಾಯಬೇಕು. ಎರೆಯಲ್ಲಿ ಕಟಾವಿಗೆ ಮೂರು ವಾರ, ಮಸಾರಿಯಲ್ಲಿ ಎರಡು ವಾರ ಮುಂಚೆ ನೀರು ನಿಲ್ಲಿಸಿ.

ಕಟಾವಿನ ಗ್ಯಾಂಗಿನವರಿಗೆ ನೆಲಕ್ಕೆ ತಾಗಿಸಿ ಕಡಿಯಲು ಹೇಳಿ, ಹೇಳಿ ಸುಮ್ಮನಾಗದೆ ಹೊಲದಲ್ಲಿ ನಿಲ್ಲಿ. ಎರಡಿಂಚು ಮೋಟು ಬಿಟ್ಟರೆ 39,000 ಕಬ್ಬಿಗೆ ಟನ್ನಿಗೂ ಹೆಚ್ಚು ತೂಕ ಹೊಲದಲ್ಲೇ ಉಳಿಯುತ್ತದೆ, ಅದೂ ಕಬ್ಬಿನ ಅತಿ ಸಿಹಿ ಭಾಗ. ಕಡಿದ 24 ಗಂಟೆಯೊಳಗೆ ಕಬ್ಬು ಕಾರ್ಖಾನೆ ಸೇರಬೇಕು. ರವದಿಗೆ ಬೆಂಕಿ ಹಚ್ಚಿ ಕಡಿದ ಕಬ್ಬು ಇನ್ನೂ ಬೇಗ ಕೆಡುತ್ತದೆ.

ಕೂಳೆ

ಕೂಳೆಗೆ ಬೀಜದ ಖರ್ಚಿಲ್ಲ, ಹಾಗಂತ ಆರೈಕೆ ಬಿಟ್ಟರೆ ಅರ್ಧ ಬೆಳೆಯೂ ಸಿಗದು. ಕಟಾವಾದ ವಾರದೊಳಗೆ ಉಳಿದ ಮೋಟನ್ನು ಹರಿತ ಗುದ್ದಲಿಯಿಂದ ನೆಲಸಮ ಕಡಿಯಿರಿ. ಮೇಲಿನ ಕಣ್ಣಿನಿಂದ ಬಂದ ಮರಿಗೆ ಬೇರಿಲ್ಲ, ನೆಲದೊಳಗಿನ ಕಣ್ಣಿನಿಂದ ಬಂದದ್ದೇ ಗಟ್ಟಿ. ಬೋದಿನ ಎರಡು ಮಗ್ಗುಲು ನೇಗಿಲು ಹಾಯಿಸಿ ಹಳೆ ಬೇರು ಹರಿಯಿರಿ. ಎರಡಡಿಗಿಂತ ಹೆಚ್ಚು ಖಾಲಿ ಬಿದ್ದ ಕಡೆ ಮೊದಲೇ ಬೆಳೆಸಿಟ್ಟ ಸಸಿ ಕೂರಿಸಿ, ತುಂಡು ಹಾಕಿದರೆ ನೆರಳಿಗೆ ಮೇಲೇಳುವುದಿಲ್ಲ.

ರವದಿ ಸುಡಬೇಡಿ. ಸಾಲು ಬಿಟ್ಟು ಸಾಲಿಗೆ ಹರಡಿ, ಪ್ರತಿ ಟನ್ ರವದಿಗೆ 8 ಕೆಜಿ ಯೂರಿಯಾ, 10 ಕೆಜಿ ಸೂಪರ್ ಫಾಸ್ಫೇಟ್, ಸಗಣಿ ನೀರಿನಲ್ಲಿ ಕದಡಿದ 1 ಕೆಜಿ ಕೊಳೆಸುವ ಜೀವಾಣು ಚೆಲ್ಲಿ ನೀರು ಕೊಟ್ಟರೆ ನಾಲ್ಕೈದು ತಿಂಗಳಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಬೇಸಿಗೆಯಲ್ಲಿ ಅದೇ ಹೊದಿಕೆ ಎರಡು ನೀರಿನ ನಡುವಿನ ದಿನಗಳನ್ನು ಹೆಚ್ಚಿಸುತ್ತದೆ. ಸಾರಜನಕ ನಾಟಿ ಬೆಳೆಗಿಂತ ಕಾಲು ಭಾಗ ಹೆಚ್ಚು, ಎಕರೆಗೆ 125 ಕೆಜಿ. ಬಿಳಿ ಎಲೆ ಕೂಳೆಯಲ್ಲೇ ಹೆಚ್ಚು ಕಾಣುವುದರಿಂದ ಫೆರಸ್ ಸಲ್ಫೇಟ್ ಸಿಂಪಡಣೆ ತಪ್ಪಿಸಬೇಡಿ. ಡಿಸೆಂಬರ್, ಜನವರಿಯಲ್ಲಿ ಕಡಿದ ಕಬ್ಬಿನ ಕೂಳೆ ಬೆಳೆಸಿ. ಮಾರ್ಚ್ ಕೊನೆಗೆ ಕಡಿದದ್ದು ಬೋರಿಲ್ಲದ ಹೊಲದಲ್ಲಿ ಬೇಸಿಗೆಗೆ ಎದುರಾಗಿ ಅರ್ಧ ಸಾಯುತ್ತದೆ, ಅಲ್ಲಿ ಬೇರು ಕಿತ್ತು ಮುಂಗಾರಿಗೆ ಬೇರೆ ಬೆಳೆ ಹಾಕುವುದೇ ಸರಿ.